ಅಂಚಿನ ಮೇಲೆ ನಿಂತವರು

ಮೊದಲ ಒದೆ ಬೆನ್ನಿಗೆ ಬಿತ್ತು. ಯಾರೆಂದು ತಿರುಗಿ ನೋಡುವಷ್ಟರಲ್ಲಿ ಧನುಶ್ರೀ ಬೌಲಿನೊಳಕ್ಕೆ ಉರುಳಿಬಿಟ್ಟಿದ್ದಳು.

ಬೌಲ್ ಅಂದರೆ ಸ್ಕೇಟ್‌ಪಾರ್ಕಿನ ನಡುವೆ ಇರುವ ಕಾಂಕ್ರೀಟಿನ ಹಳ್ಳ. ನೀರಿಲ್ಲದ ಈಜುಕೊಳದ ಹಾಗೆ. ಆಳ ಒಂದಾಳಿಗಿಂತ ಹೆಚ್ಚು. ಗೋಡೆಗಳು ಬೋಗುಣಿಯಂತೆ ಬಾಗಿ ಮೇಲೇರುತ್ತವೆ. ಅಂಚಿನ ಸುತ್ತ ಕಬ್ಬಿಣದ ಕೊಳವೆ ಕೂರಿಸಿರುತ್ತಾರೆ. ಸ್ಕೇಟ್‌ಬೋರ್ಡಿನ ಮೇಲೆ ನಿಂತವರು ಆ ಅಂಚಿನಿಂದ ಧುಮುಕುತ್ತಾರೆ, ಒಂದು ಗೋಡೆ ಇಳಿದ ರಭಸದಲ್ಲೇ ಎದುರು ಗೋಡೆ ಹತ್ತುತ್ತಾರೆ. ಬೋರ್ಡಿಲ್ಲದವರು ಓಡಿಬಂದು ಕೊಳವೆ ಹಿಡಿದು ತಮ್ಮ ಮೈಯನ್ನು ತಾವೇ ಎಳೆದುಕೊಳ್ಳಬೇಕು.

ಅವಳ ಬೋರ್ಡು ಮೇಲೆಯೇ ಉಳಿದಿತ್ತು. ಮೊಣಕಾಲಿನ ಚರ್ಮ ಸುಲಿದಿತ್ತು. ಬಾಯಲ್ಲಿ ರಕ್ತದ ಉಪ್ಪು. ಎದ್ದಳು. ಓಡಿದಳು. ಎರಡೂ ಕೈಯಿಂದ ಕೊಳವೆ ಹಿಡಿದಳು. ಮೇಲೆ ಕಿಲಿಯನ್ ನಿಂತಿದ್ದ. ಅವನು ಕಾಲನ್ನು ನಿಧಾನವಾಗಿ ಎತ್ತಿದ. ಅವಳ ಬಲಗೈ ಬೆರಳುಗಳ ಮೇಲಿಟ್ಟ. ಸಿಗರೇಟು ಹೊಸಕುವ ಹಾಗೆ ಹೊಸಕಿದ.

ಅವಳು ಮತ್ತೆ ಕೆಳಗೆ ಬಿದ್ದಳು.

"ಹತ್ತು, ಹತ್ತು," ಅಂದ ಕಿಲಿಯನ್. "ಹಂಗೇ ನಿಮ್ಮ ದೇಶದ ತನಕ ಹತ್ತು."

ಪಾರ್ಕಿನ ಹಿಂದಿನ ಮನೆಗಳ ಸಾಲಿನವನು ಕಿಲಿಯನ್. ಇಪ್ಪತ್ತು ದಾಟಿದವನು. ಆ ಬೌಲಿನಲ್ಲಿ ಅವನಷ್ಟು ಚೆನ್ನಾಗಿ ಆಡುವವರಿರಲಿಲ್ಲ. ಇಷ್ಟು ದಿನ ಅವಳನ್ನು ಅವನು ನೋಡಿಯೂ ನೋಡದವನಂತೆ ಇರುತ್ತಿದ್ದ. ಆ ಶನಿವಾರ ಧನುಶ್ರೀ ಮೂರು ಗೋಡೆಗಳನ್ನು ಒಂದೇ ಓಟದಲ್ಲಿ ಸುತ್ತಿ ಬಂದಿದ್ದಳು. ಪಾಠಕ್ಕೆ ಬಂದಿದ್ದ ಚಿಕ್ಕ ಹುಡುಗಿಯರು ಚಪ್ಪಾಳೆ ಹೊಡೆದಿದ್ದರು. ಅಷ್ಟೇ ಆದದ್ದು.

ಅವನ ಜೊತೆ ಇನ್ನಿಬ್ಬರಿದ್ದರು. ಮೂವರೂ ಅಂಚಿನ ಮೇಲೆ ಮೂರು ಕಡೆ ನಿಂತರು. ಅವಳು ಯಾವ ಕಡೆ ಓಡಿದರೂ ಆ ಕಡೆಯವನು ಕಾಲೆತ್ತುತ್ತಿದ್ದ. ಒಬ್ಬ ಅವಳ ತಲೆಯ ಮೇಲೆ ಬಿಯರ್ ಸುರಿದ. ಇನ್ನೊಬ್ಬ ಅವಳ ಬೋರ್ಡನ್ನೇ ಎತ್ತಿ ಅವಳ ಮೇಲೆ ಎಸೆದ. ಚಕ್ರದ ಕಬ್ಬಿಣ ಹುಬ್ಬಿಗೆ ಬಡಿಯಿತು. ಕಣ್ಣೊಳಗೆ ರಕ್ತ ಇಳಿಯಿತು. ಒಂದು ಕಣ್ಣಲ್ಲೇ ನೋಡುತ್ತ ಮತ್ತೆ ಹತ್ತಿದಳು. ಮತ್ತೆ ಕಿಲಿಯನ್‌ನ ಕಾಲು. ಈ ಸಲ ಬೆರಳಿನೊಳಗೆ ಏನೋ ಪಟ್ಟೆಂದಿತು.

"ಅಮ್ಮಾ," ಎಂದು ಕೂಗಿದಳು.

"ಅಮ್ಮಾ, ಅಮ್ಮಾ," ಎಂದು ಮೇಲಿನವರು ಅವಳ ಹಾಗೆಯೇ ಕೂಗಿದರು.

ಮೇ ತಿಂಗಳು. ಡಬ್ಲಿನ್ನಿನಿಂದ ಪಶ್ಚಿಮಕ್ಕೆ, ಕಡಲ ದಂಡೆಯ ಗಾಲ್ವೇಯಲ್ಲಿ ಅಪರೂಪಕ್ಕೆ ಬಿಸಿಲು ಬಿದ್ದ ಮಧ್ಯಾಹ್ನ. ಪಾರ್ಕು ತುಂಬಿತ್ತು. ತಾಯಂದಿರು ಮಕ್ಕಳ ಹೆಲ್ಮೆಟ್ ಬಿಚ್ಚಿ ಕಾರಿನ ಕಡೆ ನಡೆದರು. ಒಬ್ಬಳು ಮಗುವಿನ ಕಣ್ಣು ಮುಚ್ಚಿದಳು. ಒಬ್ಬ ಹುಡುಗ ಫೋನೆತ್ತಿ ಹಿಡಿದಿದ್ದ. ಸ್ಕೇಟ್ ಕ್ಲಬ್ಬಿನ ತರಬೇತುದಾರ ಡೆಕ್ಲನ್ ತನ್ನ ತಂಡದ ಮಕ್ಕಳನ್ನು ಬೇಲಿಯ ಹತ್ತಿರ ಸಾಲಾಗಿ ನಿಲ್ಲಿಸಿ ಎಣಿಸುತ್ತಿದ್ದ. ಅವನ ತಲೆಯ ಮೇಲಿದ್ದ ಫಲಕದಲ್ಲಿ 'ಎಲ್ಲ ಮಟ್ಟದ ಆಟಗಾರರಿಗೂ ಸ್ವಾಗತ' ಎಂದಿತ್ತು.

ಆಡುವುದು ಬೇಜಾರಾದ ಮೇಲೆ ಮೂವರೂ ಹೋದರು. ಅವರು ಬೇಲಿ ದಾಟಿದ್ದನ್ನು ಖಾತ್ರಿ ಮಾಡಿಕೊಂಡು ಡೆಕ್ಲನ್ ಅಂಚಿಗೆ ಬಂದ. ಬಗ್ಗಿ ಕೈ ಚಾಚಿದ.

"ನೀನು ಗ್ರ್ಯಾಂಡಾ?" ಎಂದು ಕೇಳಿದ. ಆರಾಮಾ ಎನ್ನುವುದಕ್ಕೆ ಆ ಊರಿನ ಮಾತು ಅದು.

ಧನುಶ್ರೀ ಆ ಕೈ ಹಿಡಿಯಲಿಲ್ಲ. ಎಡಗೈ ಒಂದರಲ್ಲೇ ಕೊಳವೆ ಹಿಡಿದು, ಹೊಟ್ಟೆ ಉಜ್ಜಿಕೊಂಡು ಮೇಲೆ ಬಂದಳು.

*

ಕಾಂಕ್ರೀಟು ಅವಳಿಗೆ ಹೊಸದಲ್ಲ. ಅವಳು ಕಣ್ಣು ಬಿಟ್ಟಿದ್ದೇ ಅದರ ಧೂಳಿನಲ್ಲಿ.

ಅಪ್ಪ ಈಶ್ವರಪ್ಪ, ಅಮ್ಮ ಶಾಂತಾ. ಹೊಳಲ್ಕೆರೆ ಕಡೆಯ ವಡ್ಡರು. ಅಜ್ಜ ಕಲ್ಲು ಒಡೆದ. ಅಪ್ಪ ಅಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಕಾಂಕ್ರೀಟು ಹೊತ್ತರು. ಅಮ್ಮ ತಲೆಯ ಮೇಲೆ ಬಾಂಡಲಿ ಇಟ್ಟುಕೊಂಡು ಏಣಿ ಹತ್ತುತ್ತಿದ್ದಳು. ಹಸಿ ಸಿಮೆಂಟು ಅವಳ ಕಾಲ್ಬೆರಳ ಸಂದಿಯನ್ನು ತಿಂದುಹಾಕಿತ್ತು. ಕೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕಟ್ಟಡ ಏಳುವ ತನಕ ಅದರ ಬುಡದಲ್ಲೇ ತಗಡಿನ ಶೆಡ್ಡು. ಕಟ್ಟಡ ಎದ್ದ ಮೇಲೆ ಶೆಡ್ಡು ಕಿತ್ತು ಇನ್ನೊಂದು ಕಡೆ.

ಕಟ್ಟಡದ ನೆಲಮಾಳಿಗೆಗೆ ಕಾರು ಇಳಿಯಲೆಂದು ಇಳಿಜಾರು ಹಾಕಿರುತ್ತಾರಲ್ಲ, ಅದೇ ಧನುಶ್ರೀಯ ಆಟದ ಬಯಲು. ಸೆಂಟ್ರಿಂಗ್ ಹಲಗೆಯ ತುಂಡಿಗೆ ಹಳೇ ಬೇರಿಂಗ್ ಹೊಡೆದು ಗಾಡಿ ಮಾಡಿಕೊಂಡಿದ್ದಳು. ಅದರ ಮೇಲೆ ಹುಡುಗರು ಕೂತು ಜಾರುತ್ತಿದ್ದರು. ಅವಳು ನಿಂತು ಜಾರುತ್ತಿದ್ದಳು.

ಅವಳಿಗೆ ಒಂಬತ್ತು ವರ್ಷ. ಕಟ್ಟಡ ಮುಗಿದಿತ್ತು. ಗೇಟು ಬಂದಿತ್ತು. ಗೇಟಿಗೆ ಕಾವಲುಗಾರ ಬಂದಿದ್ದ. ಅದು ಅವಳಿಗೆ ಅರ್ಥವಾಗಿರಲಿಲ್ಲ. ನಿನ್ನೆ ಜಾರಿದ ಹಾಗೆ ಇವತ್ತೂ ಜಾರಿದಳು. ಸೂಪರ್‌ವೈಸರ್ ವಿದ್ಯುತ್ ವೈರು ಮಡಚಿ ಹೊಡೆದ. ಬೆನ್ನು, ತೊಡೆ, ಮೀನಖಂಡ. ಅಮ್ಮ ಹೊತ್ತು ಹಾಕಿದ ಕಾಂಕ್ರೀಟಿನ ಮೇಲೆಯೇ ಮಗಳು ಬಿದ್ದು ಹೊರಳಿದಳು. ಅಪ್ಪ ಓಡಿಬಂದ. ಅಪ್ಪ ಹೊಡೆಯುತ್ತಾನೆ ಎಂದುಕೊಂಡಳು. ಅಪ್ಪ ಎರಡೂ ಕೈ ಜೋಡಿಸಿದ.

"ತಪ್ಪಾಯ್ತು ಸಾಮಿ," ಅಂದ. "ಇನ್ನೊಂದು ಸಲ ಬರಾದಿಲ್ಲ."

ವೈರಿನ ಬಾಸುಂಡೆ ತಿಂಗಳಲ್ಲಿ ಹೋಯಿತು. ಆ ಜೋಡಿಸಿದ ಕೈ ಹೋಗಲಿಲ್ಲ.

ಹಾಸ್ಟೆಲಿನಲ್ಲಿ ಓದಿದಳು. ಎಂಜಿನಿಯರಿಂಗ್ ಮುಗಿಸಿದಳು. ಸರ್ಕಾರದ ವಿದ್ಯಾರ್ಥಿವೇತನ ಹಿಡಿದು ಡಬ್ಲಿನ್ನಿಗೂ ಗಾಲ್ವೇಗೂ ನಡುವಿನ ಅತ್ಲೋನ್‌ಗೆ ಎಂ.ಎಸ್. ಮಾಡಲು ಬಂದಳು. ಅಲ್ಲಿ ಮೊದಲ ಸಲ ಸ್ಕೇಟ್‌ಪಾರ್ಕು ಕಂಡಳು. ಗೇಟಿರಲಿಲ್ಲ. ಕಾವಲುಗಾರನಿರಲಿಲ್ಲ. ಆರು ವರ್ಷದ ಮಗು, ನರೆತ ಗಡ್ಡದ ಗಂಡಸು ಒಂದೇ ಕಾಂಕ್ರೀಟಿನ ಮೇಲೆ ಬೀಳುತ್ತಿದ್ದರು, ಏಳುತ್ತಿದ್ದರು. ಅವಳು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಬಗ್ಗಿ ನೆಲ ಮುಟ್ಟಿ ನೋಡಿದಳು. ಯಾರಾದರೂ ಬಂದು ಏಳು ಅನ್ನುತ್ತಾರೇನೋ ಎಂದು ಕಾದಳು. ಯಾರೂ ಅನ್ನಲಿಲ್ಲ. ಬಳಸಿದ ಬೋರ್ಡೊಂದನ್ನು ಕೊಂಡಳು.

ಆಮೇಲೆ ಗಾಲ್ವೇಯಲ್ಲಿ ಕೆಲಸ ಸಿಕ್ಕಿತು. ಊರಂಚಿನ ಕೈಗಾರಿಕಾ ಬಡಾವಣೆ ಪಾರ್ಕ್‌ಮೋರ್‌ನಲ್ಲಿ, ಹೃದಯದೊಳಗೆ ತೂರಿಸುವ ನಳಿಕೆ ಮಾಡುವ ಕಂಪನಿ. ತಲೆಯಿಂದ ಪಾದದ ತನಕ ಬಿಳಿ ಅಂಗಿ ತೊಟ್ಟು ದಿನವಿಡೀ ನಿಂತು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಸೀಳು ಹುಡುಕಬೇಕು. ಸಂಜೆ ಹೊತ್ತಿಗೆ ಸೊಂಟ ಬಿದ್ದುಹೋಗುತ್ತಿತ್ತು. ವಾರವೆಲ್ಲ ಅದನ್ನು ತಡೆದುಕೊಳ್ಳುತ್ತಿದ್ದದ್ದು ಶನಿವಾರಕ್ಕಾಗಿ.

*

ಹುಬ್ಬಿಗೆ ಹೊಲಿಗೆ ಬಿತ್ತು. ಬಲಗೈಯ ಎರಡು ಬೆರಳು ಮುರಿದಿದ್ದವು. ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಾಗ ಬಾಗಿಲು ತೆರೆದದ್ದು ಶ್ರೀಹರ್ಷ.

ಆ ಮನೆ ಅವನ ಹೆಸರಿನಲ್ಲಿತ್ತು. ಮೈಸೂರಿನವನು, ಸಾಫ್ಟ್‌ವೇರಿನವನು, ಊರಿನ ಕನ್ನಡ ಕೂಟದ ಕಾರ್ಯದರ್ಶಿ. ಹೆಂಡತಿ ವಂದನಾ. ಮೇಲಿನ ಎರಡು ಕೋಣೆಗಳನ್ನು ಮಿಥುನ್ ಎಂಬ ಹುಡುಗನಿಗೂ ಧನುಶ್ರೀಗೂ ಬಾಡಿಗೆಗೆ ಬಿಟ್ಟಿದ್ದರು. ಅಡುಗೆಮನೆಯಲ್ಲಿ ಧನುಶ್ರೀಗೆ ಬೇರೆ ಬಾಣಲೆ, ಬೇರೆ ಲೋಟ. 'ನೀನು ನಾನ್‌ವೆಜ್ ಮಾಡ್ತೀಯಲ್ಲ, ಅದಕ್ಕೆ' ಎಂದಿದ್ದಳು ವಂದನಾ. ಮಿಥುನ್ ದಿನಾ ಕೋಳಿ ತಿನ್ನುತ್ತಿದ್ದ. ಅವನ ಲೋಟ ಬೇರೆಯಿರಲಿಲ್ಲ.

ಶ್ರೀಹರ್ಷ ಅವಳ ಮುಖ ನೋಡಿದ. ಪಟ್ಟಿ ನೋಡಿದ. ನೋವಾಯಿತಾ ಎಂದು ಕೇಳಲಿಲ್ಲ.

"ವಿಡಿಯೊ ಬಂದಿದೆ," ಅಂದ. "ಕೂಟದ ಗ್ರೂಪಲ್ಲಿ ಯಾರೋ ಹಾಕಿದಾರೆ. ನೀನು ಅಮ್ಮಾ ಅಂತ ಕಿರುಚೋದು ಕ್ಲಿಯರಾಗಿ ಕೇಳ್ಸುತ್ತೆ."

"ಮುಖ ಕಾಣುತ್ತಾ? ಅವರ ಮುಖ?"

"ಅದಲ್ಲ ಈಗ ಪ್ರಶ್ನೆ. ಮುಂದಿನ ತಿಂಗಳು ನಮ್ಮ ಫಂಕ್ಷನ್ನಿಗೆ ಕೌನ್ಸಿಲರ್ ಬರ್ತಿದಾರೆ. ಎಷ್ಟು ವರ್ಷದಿಂದ ಹೆಸರು ಕಟ್ಕೊಂಡು ಬಂದಿದೀವಿ ಇಲ್ಲಿ. ನೀನು ಪೋಸ್ಟು ಗೀಸ್ಟು ಅಂತ ಹೋಗ್ಬೇಡ. ಬೀದಿ ಹುಡುಗರ ಜೊತೆ ಹಳ್ಳದಲ್ಲಿ ಉರುಳಾಡೋಕೆ ಯಾರು ಹೇಳಿದ್ರು ನಿಂಗೆ? ನಮ್ಮೋರು ಯಾರಾದ್ರೂ ಹೋಗ್ತಾರಾ ಅಲ್ಲಿಗೆ?"

"ನಮ್ಮೋರು ಅಂದ್ರೆ ಯಾರು, ಸರ್?"

ವಂದನಾ ಅಡುಗೆಮನೆಯಿಂದ ಬಿಸಿನೀರು ತಂದುಕೊಟ್ಟಳು. ಧನುಶ್ರೀಯ ಲೋಟದಲ್ಲೇ.

ಪೊಲೀಸರು ಆಸ್ಪತ್ರೆಯಲ್ಲೇ ಹೇಳಿಕೆ ಬರೆದುಕೊಂಡಿದ್ದರು. ಹುಡುಗರು ತಮಗೆ ಗೊತ್ತಿರುವವರೇ, ವಿಚಾರಿಸುತ್ತೇವೆ ಎಂದಿದ್ದರು. ಶುಕ್ರವಾರವಾದರೂ ಫೋನು ಬರಲಿಲ್ಲ. ಬಂದದ್ದು ಡೆಕ್ಲನ್‌ನ ಸಂದೇಶ. ಅವನು ಒಳ್ಳೆಯ ಮಾತಿನವನು. ತುಂಬ ಬೇಸರವಾಯಿತು ಎಂದು ಬರೆದಿದ್ದ. ಸ್ವಲ್ಪ ದಿನ ಇಲ್ಲಿಗೆ ಬರದಿದ್ದರೆ ಎಲ್ಲರಿಗೂ ಒಳ್ಳೆಯದು ಎಂದು ಬರೆದಿದ್ದ. ಕೆಳಗೆ ಬೇರೆ ಊರುಗಳ ಪಾರ್ಕುಗಳ ಹೆಸರು. ಅತ್ಲೋನ್‌ನದು ನಿನಗೆ ಗೊತ್ತೇ ಇದೆ, ಲಿಮರಿಕ್ ಕಡೆ ಹೋಗು, ಡಬ್ಲಿನ್ನಿನ ಕಡೆ ಹೋದರೆ ಇನ್ನೂ ಬೇಕಾದಷ್ಟಿವೆ. ಕಲಿಯುವವರಿಂದ ಪಳಗಿದವರ ತನಕ ಎಲ್ಲರಿಗೂ ಹೇಳಿ ಮಾಡಿಸಿದಂಥವು, ಒಮ್ಮೆಯಾದರೂ ಹೋಗಿ ನೋಡಬೇಕು.

ಧನುಶ್ರೀ ಎಡಗೈಯಲ್ಲಿ ಉತ್ತರ ಒತ್ತಿದಳು. 'ಇಲ್ಲಿಯ ಪಾರ್ಕಿಗೆ ನಾನು ಮನೆಯಿಂದ ನಡೆದು ಬರುತ್ತೇನೆ. ಈ ಹೆಸರುಗಳನ್ನು ಕಿಲಿಯನ್‌ಗೂ ಕಳಿಸಿದಿರಾ?'



*

ಮುಂದಿನ ಶನಿವಾರ ಅವಳು ಬೋರ್ಡು ಎತ್ತಿಕೊಂಡು ಹೋದಳು.

ಗಾಳಿ ಕಡಲ ಕಡೆಯಿಂದ ಬೀಸುತ್ತಿತ್ತು. ಡೆಕ್ಲನ್ ಅವಳನ್ನು ಕಂಡು ಬೇಲಿಯ ತನಕ ಓಡಿಬಂದ. "ಇವತ್ತು ಬೇಡ, ಪ್ಲೀಸ್. ಮಕ್ಕಳಿದ್ದಾರೆ," ಅಂದ.

"ಹೋದ ಶನಿವಾರವೂ ಮಕ್ಕಳಿದ್ದರು," ಅಂದಳು.

ಅಂಚಿನ ಮೇಲೆ ನಿಂತಳು. ಧುಮುಕಿದಳು. ಎದುರು ಗೋಡೆಯಲ್ಲಿ ಸಮತೋಲ ತಪ್ಪಿ ಮುರಿದ ಕೈಯ ಮೇಲೆಯೇ ಬಿದ್ದಳು. ಕಣ್ಣು ಕತ್ತಲೆಯಾಯಿತು. ಮತ್ತೆ ಹತ್ತಿದಳು, ಮತ್ತೆ ಧುಮುಕಿದಳು. ಈ ಸಲ ಬೀಳಲಿಲ್ಲ.

ಕಿಲಿಯನ್ ಬಂದದ್ದು ಆಗ. ಜೊತೆಗೆ ಅದೇ ಇಬ್ಬರು.

"ಎರಡು ಬೆರಳು ಸಾಲಲಿಲ್ವಾ?" ಅಂದ.

"ನಿಂಗೆ ಜಾಗ ಬೇಕಂದ್ರೆ ಸರದಿಯಲ್ಲಿ ನಿಲ್ಲು," ಅಂದಳು.

ಅವನು ಅವಳ ಕೈಯಿಂದ ಬೋರ್ಡು ಕಿತ್ತುಕೊಂಡ. ಒಂದು ತುದಿಯನ್ನು ಮೆಟ್ಟಿಲಿನ ಮೇಲಿಟ್ಟ. ನಡುವೆ ಎರಡೂ ಕಾಲಿಂದ ಹಾರಿ ಕುಪ್ಪಳಿಸಿದ. ಮರ ಸೀಳಿತು. ಬೋರ್ಡು ಎರಡಾಯಿತು. ಎರಡು ತುಂಡನ್ನೂ ಅವಳ ಕಾಲ ಬಳಿ ಬಿಸಾಕಿದ. ಆಮೇಲೆ ಅವಳ ಜಾಕೆಟ್ಟಿನ ಕತ್ತುಪಟ್ಟಿ ಹಿಡಿದು ಅಂಚಿನ ಕಡೆ ಜಗ್ಗಿದ. ಮತ್ತೆ ಅದೇ ಹಳ್ಳ. ಮತ್ತೆ ಅದೇ ಆಟ. ಇಬ್ಬರೂ ಆಗಲೇ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು.

ಅವಳು ಬಗ್ಗಿ ಎಡಗೈಗೆ ಸಿಕ್ಕ ತುಂಡನ್ನು ಎತ್ತಿಕೊಂಡಳು. ಅದರ ಬುಡದಲ್ಲಿ ಚಕ್ರ, ಕಬ್ಬಿಣ ಎರಡೂ ಇದ್ದವು. ಬೀಸಿದಳು. ಮೊದಲ ಏಟು ಅವನ ಮಂಡಿಗೆ ಬಿತ್ತು. ಅವನು ಕತ್ತುಪಟ್ಟಿ ಬಿಟ್ಟು ಬಗ್ಗಿದ. ಎರಡನೆಯದು ದವಡೆಗೆ ಬಿತ್ತು. ಸೌದೆ ಸೀಳಿದಂಥ ಸದ್ದು ಬಂತು. ಅವನ ಬಾಯಿಂದ ರಕ್ತ, ಹಲ್ಲಿನ ಚೂರು ಕಾಂಕ್ರೀಟಿನ ಮೇಲೆ ಬಿತ್ತು. ಕಿಲಿಯನ್ ಮಗ್ಗುಲಾಗಿ ಉರುಳಿದ. ಉಳಿದಿಬ್ಬರು ನುಗ್ಗಿದರು. ಒಬ್ಬನ ಒದೆ ಅವಳ ಪಕ್ಕೆಗೆ ಬಿತ್ತು. ಅವಳು ಹಿಂದೆ ಸರಿಯಲಿಲ್ಲ. ತುಂಡನ್ನು ಸುತ್ತ ಬೀಸಿದಳು. ಒಬ್ಬನ ಮೊಣಕೈಗೆ ತಾಗಿತು. ಇಬ್ಬರೂ ಹಿಂದಕ್ಕೆ ಹೋದರು.

ಕಿಲಿಯನ್ ನೆಲದ ಮೇಲೆ ಮುಖ ಹಿಡಿದುಕೊಂಡಿದ್ದ. ಏಳುವ ಸ್ಥಿತಿಯಲ್ಲಿರಲಿಲ್ಲ. ಧನುಶ್ರೀ ಇನ್ನೊಂದು ಏಟು ಹಾಕಿದಳು, ಬೆನ್ನಿಗೆ. ಅದು ಬೇಕಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೂ ಹಾಕಿದಳು.

ಈ ಸಲ ಪೊಲೀಸರು ಬೇಗ ಬಂದರು.

*

ಠಾಣೆಯಿಂದ ಬಿಟ್ಟರು. ಕೇಸು ತಲೆಯ ಮೇಲೆ ತೂಗುತ್ತಿತ್ತು. ಮೊದಲು ಓಡಾಡಿದ್ದು ಶ್ರೀಹರ್ಷ. ಕೌನ್ಸಿಲರನ್ನು ಹಿಡಿದ, ಸ್ಕೇಟ್ ಕ್ಲಬ್ಬಿನವರನ್ನು ಹಿಡಿದ, ಕಿಲಿಯನ್‌ನ ತಾಯಿಯನ್ನು ಹೋಗಿ ಕಂಡ. ಎಲ್ಲರನ್ನೂ ಒಂದು ಮಾತಿಗೆ ತಂದ. ಪೊಲೀಸರ ಎದುರಿನಲ್ಲೇ ಎರಡೂ ಕಡೆಯವರು ಪಾರ್ಕಿನಲ್ಲಿ ಸೇರುವುದು. ಧನುಶ್ರೀ ಎಲ್ಲರ ಮುಂದೆ ಕ್ಷಮೆ ಕೇಳುವುದು. ಆಮೇಲೆ ದೂರು ಮುಂದುವರಿಸುವುದಿಲ್ಲ ಎಂದು ಕಿಲಿಯನ್ ಕಡೆಯವರು ಬರೆದುಕೊಡುವುದು.

"ಅವರು ನನ್ನ ಕೇಳ್ತಾರಾ ಕ್ಷಮೆ?" ಎಂದಳು ಧನುಶ್ರೀ.

"ಅವನ ದವಡೆ ಮುರಿದಿದೆ ಕಣೇ. ನಿಂದು ಬೆರಳು. ವರ್ಕ್ ಪರ್ಮಿಟ್ ಕ್ಯಾನ್ಸಲ್ ಆದ್ರೆ ಏನ್ ಮಾಡ್ತೀಯ? ಕೋರ್ಟಿಗೆ ಹೋದ್ರೆ ಕಂಪ್ನಿ ಇಟ್ಕೊಳ್ಳುತ್ತಾ? ಇಂಗ್ಲಿಷಲ್ಲಿ ನಾಲ್ಕು ಸಾಲು ಬರ್ದಿದೀನಿ. ಓದಿದ್ರೆ ಆಯ್ತು."

ಅವಳು ಎದ್ದು ಮೇಲಿನ ಕೋಣೆಗೆ ಹೋದಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಅಮ್ಮ ಫೋನು ಮಾಡಿದಳು. ವಿಡಿಯೊ ಅವಳ ತನಕ ತಲುಪಿತ್ತು. ಕೆಲಸದ ಜಾಗದಿಂದ ಮಾಡಿದ್ದಳು. ಹಿಂದೆ ಕಾಂಕ್ರೀಟು ಮಿಕ್ಸರಿನ ಗರಗರ ಸದ್ದು.

"ಮುಖ ತೋರ್ಸು," ಅಂದಳು ಶಾಂತಾ. ಧನುಶ್ರೀ ಫೋನು ಎತ್ತಿ ಹಿಡಿದಳು. ಅಮ್ಮ ಹೊಲಿಗೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ತಿರುಗ್ಸಿ ಹೊಡ್ದಂತೆ. ಹೌದೇನು?"

"ಹೂಂ."

"ಎಂಗೆ ಹೊಡ್ದೆ?"

"ಬೋರ್ಡಲ್ಲಿ. ದವಡೆ ಮುರೀತು. ಬಿದ್ದ ಮೇಲೂ ಒಂದು ಹೊಡೆದೆ."

ಮಿಕ್ಸರಿನ ಸದ್ದು ನಿಂತಿತು. ಯಾರೋ ಅಮ್ಮನನ್ನು ಕೂಗಿದರು. ಅವಳು ಹೋಗಲಿಲ್ಲ.

"ಕ್ಷಮೆ ಕೇಳು ಅಂತಿದಾರಮ್ಮ. ಎಲ್ರ ಮುಂದೆ."

"ನಿಮ್ಮಪ್ಪ ಕೇಳಿದ್ದ ಆವತ್ತು," ಅಂದಳು ಶಾಂತಾ. "ಕೇಳಿದ್ಮ್ಯಾಕೆ ಅವ್ರೇನು ಒಳಿಕ್ ಬಿಟ್ರಾ? ಮಾರನೆ ದಿನ ಶೆಡ್ ಕೀಳ್ಸಿದ್ರು. ನಂಗೆ ಅಲ್ಲಿ ಕಾನೂನು ಎಂಗೈತೋ ಗೊತ್ತಿಲ್ಲ. ಜೈಲಿಗೆ ಹಾಕ್ತಾರೋ, ವಾಪಸ್ ಕಳಿಸ್ತಾರೋ. ಕಳ್ಸಿದ್ರೆ ಬಾ. ಉಣ್ಣಾಕೈತೆ ಇಲ್ಲಿ."

ಅಷ್ಟು ಹೇಳಿ ಫೋನಿಟ್ಟಳು.

*

ಪಾರ್ಕಿನ ಬೆಂಚುಗಳ ಹತ್ತಿರ ಎಲ್ಲರೂ ಸೇರಿದ್ದರು. ಹಗಲು ಹನ್ನೊಂದು ಗಂಟೆ. ಮೋಡ ಕವಿದಿತ್ತು. ಕೌನ್ಸಿಲರ್ ಒಳ್ಳೆಯ ಕೋಟು ತೊಟ್ಟು ಬಂದಿದ್ದರು. ಡೆಕ್ಲನ್ ಇದ್ದ. ಒಬ್ಬ ಮಹಿಳಾ ಪೊಲೀಸ್ ಸಾರ್ಜೆಂಟ್ ಇದ್ದಳು. ದವಡೆಗೆ ತಂತಿ ಹಾಕಿಸಿಕೊಂಡ ಕಿಲಿಯನ್ ತನ್ನ ತಾಯಿಯ ಪಕ್ಕದಲ್ಲಿ ಕೂತಿದ್ದ. ಶ್ರೀಹರ್ಷ ಇಸ್ತ್ರಿ ಹಾಕಿದ ಬ್ಲೇಜರಿನಲ್ಲಿದ್ದ. ವಂದನಾ ಅವನಿಂದ ಒಂದು ಹೆಜ್ಜೆ ಹಿಂದೆ.

ಕೌನ್ಸಿಲರ್ ಮಾತಾಡಿದರು. ಈ ಪಾರ್ಕು ಎಲ್ಲರದು ಅಂದರು. ನಮ್ಮೂರಿನ ಭಾರತೀಯ ಸಮುದಾಯ ದುಡಿಯುವ, ತಂಟೆಗೆ ಹೋಗದ ಸಮುದಾಯ ಅಂದರು. ಶ್ರೀಹರ್ಷ ತಲೆಯಾಡಿಸಿದ. ಆಮೇಲೆ ಮಡಚಿದ ಹಾಳೆಯನ್ನು ಧನುಶ್ರೀಯ ಎಡಗೈಗೆ ಕೊಟ್ಟ.

ಅವಳು ಹಾಳೆ ಬಿಡಿಸಿದಳು. ಓದಿದಳು, ಮನಸ್ಸಿನಲ್ಲೇ. ನಾಲ್ಕು ಸಾಲಿನಲ್ಲಿ ಮೂರು ಸಲ ಕ್ಷಮೆ ಇತ್ತು. ಹಾಳೆಯನ್ನು ಮಡಚಿ ಅವನಿಗೇ ವಾಪಸ್ ಕೊಟ್ಟಳು.

"ನಾನು ಹೊಡೆದೆ," ಎಂದಳು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಅದು ನಿಜ. ಅದಕ್ಕೆ ಕಾನೂನಿನಲ್ಲಿ ಏನಿದೆಯೋ ಅದು ಆಗಲಿ. ಕ್ಷಮೆ ಕೇಳಲ್ಲ."

ಕೌನ್ಸಿಲರ್ ಗಡಿಯಾರ ನೋಡಿಕೊಂಡರು. ಶ್ರೀಹರ್ಷ ಅವಳ ಹತ್ತಿರ ಬಂದ. ಅಣ್ಣನ ಹಾಗೆ ಹೆಗಲ ಮೇಲೆ ಕೈಯಿಟ್ಟ. ಮುಖದ ಮೇಲಿನ ನಗು ಹಾಗೇ ಇತ್ತು. ತಗ್ಗಿದ ದನಿಯಲ್ಲಿ, ಕನ್ನಡದಲ್ಲಿ ಹೇಳಿದ.

"ವಡ್ಡರ ಬುದ್ಧಿ ತೋರಿಸ್ಬಿಟ್ಟೆ ನೋಡು. ಎಲ್ಲಿಗೆ ತಂದು ಬಿಟ್ರೂ ಕಲ್ಲು ಎತ್ತೋದೇ ಗೊತ್ತು ನಿಮಗೆ. ಸರ್ಕಾರ ಬಿಸಾಕಿದ ಸ್ಕಾಲರ್‌ಶಿಪ್ಪಲ್ಲಿ ಬಂದೋಳು ನಮ್ಮ ಮಾನ ಕಳೀತೀಯಾ? ಬಾಯ್ಮುಚ್ಕೊಂಡು ಓದು."

ಅವನು ಸಮಾಧಾನ ಮಾಡುತ್ತಿದ್ದಾನೆ ಎಂದುಕೊಂಡು ಕೌನ್ಸಿಲರ್ ಮುಗುಳ್ನಕ್ಕರು.

ಧನುಶ್ರೀ ಹೆಗಲ ಮೇಲಿನ ಕೈಯನ್ನು ತೆಗೆದುಹಾಕಿದಳು. ಸಾರ್ಜೆಂಟಿನ ಕಡೆ ತಿರುಗಿದಳು.

"ಇವರು ಈಗ ಕನ್ನಡದಲ್ಲಿ ಏನಂದರು ಅಂತ ನಿಮಗೆ ಹೇಳುತ್ತೇನೆ," ಎಂದಳು. ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳು. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ವಡ್ಡ ಅಂದರೆ ತನ್ನ ಜಾತಿ ಎಂದಳು. ತಾನು ಹುಟ್ಟಿದ ಜಾತಿಯ ಹೆಸರನ್ನೇ ಇವರು ಬೈಗುಳ ಮಾಡಿ ಹೇಳಿದರು ಎಂದಳು. ಇವರ ಮನೆಯಲ್ಲಿ ತನ್ನ ಲೋಟ ಬೇರೆ ಇದೆ ಎಂದಳು. "ಕಿಲಿಯನ್ ಒದ್ದದ್ದನ್ನು ಊರೆಲ್ಲ ಫೋನಿನಲ್ಲಿ ನೋಡಿತು. ಇದನ್ನು ಯಾರೂ ನೋಡಿಲ್ಲ. ಭಾಷೆ ಬರದವರ ಮುಂದೆ ಇವರು ನಗುತ್ತಲೇ ಒದೆಯುತ್ತಾರೆ."

"ಅವಳಿಗೆ ತಲೆ ಕೆಟ್ಟಿದೆ," ಅಂದ ಶ್ರೀಹರ್ಷ ಇಂಗ್ಲಿಷಿನಲ್ಲಿ. ನಗು ಹೋಗಿತ್ತು. ಕಿವಿ ಕೆಂಪಾಗಿತ್ತು. "ಸುಳ್ಳು. ಅಂಥದ್ದೇನೂ ನಾನು ಹೇಳಿಲ್ಲ."

ಸಾರ್ಜೆಂಟ್ ವಂದನಾಳ ಕಡೆ ನೋಡಿದಳು. "ನಿಮಗೆ ಆ ಭಾಷೆ ಬರುತ್ತಲ್ಲ. ಏನಂದರು ಅವರು?"

ವಂದನಾ ಗಂಡನನ್ನು ನೋಡಿದಳು. ಧನುಶ್ರೀಯನ್ನು ನೋಡಲಿಲ್ಲ. ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ನನಗೆ ಸರಿಯಾಗಿ ಕೇಳಿಸಲಿಲ್ಲ," ಅಂದಳು.

"ಕೇಳಿಸ್ತು ನಿಮಗೆ," ಅಂದಳು ಧನುಶ್ರೀ ಕನ್ನಡದಲ್ಲಿ. "ನಿಮ್ಮ ಅಡುಗೆಮನೇಲೂ ಕೇಳಿಸುತ್ತೆ. ದಿನಾ."

ಶ್ರೀಹರ್ಷನ ಕೈ ಆಗ ಎದ್ದಿತು. ಕೌನ್ಸಿಲರ್ ಎದುರಿಗಿದ್ದಾರೆ ಎನ್ನುವುದು ಮರೆತುಹೋಗಿತ್ತು, ಬ್ಲೇಜರು ಮರೆತುಹೋಗಿತ್ತು. ಕೆನ್ನೆಗೆ ಬಿದ್ದ ಏಟಿಗೆ ಹುಬ್ಬಿನ ಹೊಲಿಗೆ ಬಿಚ್ಚಿಕೊಂಡಿತು. ರಕ್ತ ಮತ್ತೆ ಕಣ್ಣೊಳಗೆ ಇಳಿಯಿತು. ಕಿಲಿಯನ್ ನಕ್ಕ. ದವಡೆಗೆ ತಂತಿಯಿದ್ದುದರಿಂದ ಅದು ಕೆಮ್ಮಿನ ಹಾಗೆ ಕೇಳಿಸಿತು. ಅವನ ತಾಯಿ ಅವನ ತೊಡೆಗೆ ಹೊಡೆದಳು.

ಧನುಶ್ರೀ ಬೀಳಲಿಲ್ಲ. ಎಡಗೈ ಮುಷ್ಟಿಯಾಯಿತು. ಎತ್ತಿದ್ದರೆ ಮುಗಿಯುತ್ತಿತ್ತು, ಅವನು ಅವಳಿಂದ ಒಂದು ಮೊಳ ದೂರದಲ್ಲಿದ್ದ. ಅವಳು ಕೈ ಎತ್ತಲಿಲ್ಲ. ಮುಖ ಒರೆಸಿಕೊಳ್ಳಲೂ ಇಲ್ಲ. ರಕ್ತ ಗಲ್ಲದ ತನಕ ಇಳಿಯಲು ಬಿಟ್ಟು ಒಬ್ಬೊಬ್ಬರನ್ನೇ ನೋಡಿದಳು.

"ಇದು ನಿಮ್ಮ ನಿಮ್ಮೊಳಗಿನ ವಿಚಾರ ಅಂತ ಕಾಣುತ್ತೆ," ಅಂದರು ಕೌನ್ಸಿಲರ್, ಹಿಂದೆ ಸರಿಯುತ್ತ. "ನಿಮ್ಮ ಸಂಸ್ಕೃತಿಯ ವಿಚಾರ. ನಾವು ನಡುವೆ ಬರೋದು ಸರಿಯಲ್ಲ."

"ಅಲ್ಲ," ಅಂದಳು ಧನುಶ್ರೀ. "ಇವರು ಹೊಡೆದದ್ದು ನಿಮ್ಮ ಊರಿನ ಪಾರ್ಕಿನಲ್ಲಿ, ನಿಮ್ಮ ಪೊಲೀಸರ ಕಣ್ಣೆದುರಿಗೆ."

ಸಾರ್ಜೆಂಟ್ ಟೋಪಿ ಸರಿಮಾಡಿಕೊಂಡಳು. ಶ್ರೀಹರ್ಷನ ತೋಳು ಹಿಡಿದಳು.

*

ಠಾಣೆಯಲ್ಲಿ ಅವಳಿಗೆ ಹತ್ತಿ ಕೊಟ್ಟರು, ನೀರು ಕೊಟ್ಟರು. ಮನೆಯಲ್ಲಿದ್ದ ಅವಳ ಬ್ಯಾಗುಗಳನ್ನು ಯಾರೋ ಬಾಗಿಲಾಚೆಯ ಮೆಟ್ಟಿಲ ಮೇಲೆ ಇಟ್ಟಿದ್ದಾರೆ ಎಂದು ಮಿಥುನ್‌ನ ಸಂದೇಶ ಬಂತು. ಮಳೆ ಬರುವ ಹಾಗಿದೆ, ಒಳಗೆ ತೆಗೆದಿಡಲಾ ಎಂದು ಕೇಳಿದ್ದ. ಅವಳು ತೆಗೆದಿಡು ಎಂದಳು.

ಮೊದಲು ಕಿಲಿಯನ್ ಕೇಸಿನ ಹೇಳಿಕೆ. ಅವಳು ಎಲ್ಲವನ್ನೂ ಹೇಳಿದಳು. ಮಂಡಿ, ದವಡೆ, ಬೆನ್ನು. ಸಾರ್ಜೆಂಟ್ ಬರೆದುಕೊಂಡು ಓದಿ ಹೇಳಿದಳು. ಕೊನೆಯ ಸಾಲು, ನಡೆದದ್ದಕ್ಕೆ ನನಗೆ ವಿಷಾದವಿದೆ.

"ಇದು ನಾನು ಹೇಳಿದ್ದಲ್ಲ."

"ಎಲ್ಲರೂ ಹಾಕಿಸ್ತಾರೆ. ಜಡ್ಜಿನ ಮುಂದೆ ನಿನಗೇ ಅನುಕೂಲ."

"ಹೊಡೆದೆ ಅಂತ ಇರಲಿ. ಬಿದ್ದ ಮೇಲೂ ಹೊಡೆದೆ ಅಂತ ಇರಲಿ. ಈ ಸಾಲು ತೆಗೆಯಿರಿ."

"ನಿನ್ನ ಪರ್ಮಿಟ್ಟಿನ ಬಗ್ಗೆ ಯೋಚಿಸಿದೀಯಾ?"

"ಯೋಚಿಸಿದೀನಿ."

ಸಾರ್ಜೆಂಟ್ ಆ ಸಾಲಿನ ಮೇಲೆ ಗೆರೆ ಎಳೆದಳು. ಧನುಶ್ರೀ ಎಡಗೈಯಲ್ಲಿ ಸಹಿ ಮಾಡಿದಳು. ಅಕ್ಷರಗಳು ಅಡ್ಡಾದಿಡ್ಡಿ ಬಿದ್ದವು. ಅವಳು ಎದ್ದು ಹೋಗಲಿಲ್ಲ.

"ಇನ್ನೊಂದು ಹಾಳೆ ತಗೊಳ್ಳಿ," ಅಂದಳು. "ಈಗ ಶ್ರೀಹರ್ಷನ ಮೇಲೆ. ಏಟು ಮಾತ್ರ ಬರೆಯಬೇಡಿ. ಅದಕ್ಕೆ ಮುಂಚಿನ ಮಾತೂ ಬರಬೇಕು."

ಸಾರ್ಜೆಂಟ್ ಹೊಸ ಹಾಳೆ ಎಳೆದುಕೊಂಡಳು. ಬರೆಯುತ್ತ ಬರೆಯುತ್ತ ಒಂದು ಕಡೆ ಪೆನ್ನು ನಿಲ್ಲಿಸಿದಳು.

"ಆ ಪದ," ಎಂದಳು. "ಹೇಗೆ ಬರೆಯೋದು ಅದನ್ನ?"

ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ಧನುಶ್ರೀ ದನಿ ತಗ್ಗಿಸಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.